ದರಬಾರಿನ ಕಂಬಳಿ

ಆ ಮಾಸ್ತರನ ಮೇಲೆ ಅಲಕಾಳಿಗೆ ಮೊದಲ ದಿನವೇ ಸಿಟ್ಟು ಬಂದಿತ್ತು. ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿ ನಾಲ್ಕು ವರ್ಷ. ವಾಚನಾಲಯದ ಹಳೆಯ ಕಾಗದಗಳಿಗೆಲ್ಲ ಅವಳೇ ಯಜಮಾನಿ, ಇವನೋ ಕೇಳದೆ ಗಂಟು ಬಿಚ್ಚಿದ್ದ. ಬನಹಟ್ಟಿ ಸಾಲಿಯ ಜಕ್ಕಪ್ಪ ಮಾಸ್ತರ ನಾಟಕ ಬರೆಯುತ್ತಿದ್ದ, ಹಿಂದಿನ ಕಾಲದ ದರಬಾರು ಹೇಗಿತ್ತೆಂದು ಹುಡುಕಲು ಬಂದಿದ್ದ. ಕಾಗದಗಳೆಲ್ಲ ಮೋಡಿ ಲಿಪಿಯ ಮರಾಠಿ. ಓದಲು ಬಾರದು ಎನ್ನಲು ಅವನಿಗೆ ಬಿಗುಮಾನ. ಒಂದು ತಾಸು ಗಂಭೀರವಾಗಿ ನೋಡುತ್ತಲೇ ಕೂತ.

"ಮಾಸ್ತರ, ಕಾಗದ ತಲಿಕೆಳಗಾಗೇದ್ರಿ," ಎಂದು ಅವಳೇ ತಿರುಗಿಸಿಕೊಟ್ಟಳು. ಅವನ ಕಿವಿ ಕೆಂಪಾದವು. ಅವಳ ಸಿಟ್ಟು ಎಲ್ಲಿ ಹೋಯಿತೋ.

ಅಂದಿನಿಂದ ಪ್ರತಿ ರವಿವಾರ ಅವಳು ಓದಿ ಕನ್ನಡದಲ್ಲಿ ಹೇಳುವುದು, ಅವನು ಬರೆದುಕೊಳ್ಳುವುದು. ಕಣ್ಣು ಕಣ್ಣು ಕೂಡಿದರೆ ಇಬ್ಬರಿಗೂ ಕಾಗದದಲ್ಲಿ ತುರ್ತು ಕೆಲಸ.

ಅವನ ನಾಟಕದಲ್ಲಿ ರಾಜನಿಗೆ ಮಖಮಲ್ಲಿನ ಗಾದಿ, ಕುರುಬರ ಹಿರಿಯ ಮಾತ್ರ ಬಾಗಿಲಲ್ಲಿ ಕೈಮುಗಿದು ನಿಲ್ಲುತ್ತಿದ್ದ. ಜಕ್ಕಪ್ಪನೂ ಕುರುಬನೇ, ಆದರೆ ರಂಗದ ಮೇಲೆ ತನ್ನವರು ಕೂತದ್ದನ್ನು ಎಂದೂ ನೋಡಿರಲಿಲ್ಲ. ಒಂದು ರವಿವಾರ ಅಲಕಾಳ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಸಂಸ್ಥಾನದ ದಂಡಿಗೆ ದಾರಿ ತೋರಿಸಿದ ಕುರುಬರ ಹಿರಿಯಗ ದರಬಾರದಾಗ ಕಂಬಳಿ ಹಾಸಿ ಕೂಡಿಸಿ, ವೀಳ್ಯ ಕೊಟ್ಟದ್ದು."

"ಇನ್ನೊಮ್ಮೆ ಓದ್ರಿ," ಎಂದ ಜಕ್ಕಪ್ಪ. ಓದಿದಳು. ಮತ್ತೊಮ್ಮೆ ಕೇಳಿದ. ಅಷ್ಟರಲ್ಲಿ ಅವನ ಕಣ್ಣು ತುಂಬಿದ್ದವು. ಮುಂದಿನ ವಾರ ನಾಟಕದಲ್ಲಿ ಹಿರಿಯ ಕೂತಿದ್ದ.

ಹಸ್ತಪತ್ರಿಕೆ ಅಚ್ಚಿಗೆ ಹೋಗುವಾಗ ಪೇಚು ಬಂತು. ಮೋಡಿ ಓದಿಕೊಟ್ಟವಳೆಂದು ಜಕ್ಕಪ್ಪ ಅದರಲ್ಲಿ ಅಲಕಾಳ ಹೆಸರನ್ನೂ ಬರೆದಿದ್ದ. ನಾಟಕದ ಹಸ್ತಪತ್ರಿಕೆಯಲ್ಲಿ ಮನೆಯ ಹುಡುಗಿಯ ಹೆಸರೇ ಎಂದು ಅವಳ ತಂದೆ ಶ್ರೀನಿವಾಸರಾಯರು ಕೆಂಡವಾದರು. ಮಗಳಿಗೆ ಮೋಡಿ ಕಲಿಸಿದವರೂ ಅವರೇ. ಅವಳ ಹೆಸರು ಬಿಡೋಣವೇ ಎಂದು ಜಕ್ಕಪ್ಪ ಮೆಲ್ಲಗೆ ಕೇಳಿದ.

"ಓದಿದಾಕಿ ನಾನು. ಹೆಸರೂ ನಂದ ಇರ್ಬೇಕು," ಎಂದಳು ಅಲಕಾ.

ಹೆಸರು ಅಚ್ಚಾಯಿತು. ರಾಯರು ಎಂಟು ದಿನ ಮಗಳ ಜೊತೆ ಮಾತು ಬಿಟ್ಟರು. ಆದರೂ ನಾಟಕಕ್ಕೆ ಬಂದು ಮುಂದಿನ ಸಾಲಿನಲ್ಲೇ ಕೂತರು. ಹಿರಿಯ ಕಂಬಳಿಯ ಮೇಲೆ ಕೂತಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ರಾಯರು ಪಕ್ಕದವನಿಗೆ ಸಾಕಷ್ಟು ಗಟ್ಟಿಯಾಗಿ, ಮೋಡಿ ಓದಿದವಳು ತಮ್ಮ ಮಗಳೇ ಎಂದರು. ಅಲಕಾಳ ಎದೆ ಉಬ್ಬಿತು.

ನಾಟಕ ಮುಗಿದ ಮೇಲೆ ಜಕ್ಕಪ್ಪನ ತಾಯಿ ಸಿದ್ದಕ್ಕ ಆ ಕಂಬಳಿಯನ್ನು ಝಾಡಿಸಿ ಅಲಕಾಳ ಮುಂದೆ ಹಾಸಿದಳು. ಅದು ಅವಳ ಮನೆಯ ಕಂಬಳಿ. ಕುಲದೇವರು ಬೀರಪ್ಪನ ಪೂಜೆಗೆ, ಈಗ ಮಗನ ನಾಟಕಕ್ಕೆ ಬಿಟ್ಟರೆ ಅದನ್ನು ಬೇರೆ ಯಾರಿಗೂ ಹಾಸಿದವಳಲ್ಲ ಅವಳು.

"ವಿಚಾರ ಮಾಡ್ರಿ," ಎಂದ ಜಕ್ಕಪ್ಪ. ಅವನ ಕಿವಿ ಮತ್ತೆ ಕೆಂಪಾಗಿದ್ದವು. "ಇದರ ಮ್ಯಾಲ ನೀವು ಕುಂತ್ರ, ನಾ ಏಳಾಕ ಬಿಡಾಂವಲ್ಲ."

"ಏಳೋದಿದ್ರ ನಾ ಕೂಡೂದ ಇಲ್ಲ."

ಎಲ್ಲರೆದುರು, ತಲೆಯೆತ್ತಿ, ಅಲಕಾ ಕಂಬಳಿಯ ನಡುವೆ ಕೂತಳು. ಮುಂದಿನ ಸಾಲಿನಲ್ಲಿ ರಾಯರು ಜೋರಾಗಿ ಕೆಮ್ಮಿದರು. ಏಳು ಎಂದು ಮಾತ್ರ ಹೇಳಲಿಲ್ಲ.