ನಳಿಗೆ ಬೇಡವೆಂದ ಗಾಳೆಮ್ಮ

ಹೋದ ಬೇಸಿಗೆಯಲ್ಲಿ ಕೊಪ್ಪಳದ ಆಸ್ಪತ್ರೆಯೊಂದರಲ್ಲಿ, ಕ್ಯಾನ್ಸರ್ ಉಲ್ಬಣಿಸಿದ್ದ ಗಾಳೆಮ್ಮನ ಗಂಟಲಿಗೆ ನಳಿಗೆ ಇಳಿಸಲು ಮಗಳು ಕವಿತಾ ಒಪ್ಪಲಿಲ್ಲ.

“ಅವ್ವ ಬ್ಯಾಡ ಅಂದಾಳ್ರಿ. ನೋವಿನ ಔಷಧ ಕೊಡ್ರಿ, ಮನಿಗಿ ಕರ್ಕೊಂಡು ಹೋಗ್ತೀನಿ,” ಎಂದು ವೈದ್ಯರಿಗೆ ಹೇಳಿದಳು.

“ಸಾಯ್ಲಿ ಅಂತೀಯೇನು?” ಎಂದು ಅಣ್ಣ ಗೋವಿಂದರಾಜ ರೇಗಿದರೂ ಅವಳು ಜಗ್ಗಲಿಲ್ಲ.

ಅಳವಂಡಿಯ ಮನೆಯಲ್ಲಿ ಒಂಬತ್ತು ದಿನ ಗಾಳೆಮ್ಮ ನರಳಲಿಲ್ಲ. ಮಜ್ಜಿಗೆ ಬೇಡಿ ಕುಡಿದಳು, ನಕ್ಕಳು. ಹತ್ತನೆಯ ದಿನ ಮಧ್ಯಾಹ್ನ, ಹೊರಗೆ ಬಿಸಿಲು ಸುಡುತ್ತಿದ್ದರೂ ಕೋಣೆ ಬಾವಿಯೊಳಗಿನಂತೆ ತಣ್ಣಗಾಯಿತು. ಯಾರೂ ಕೂರದ ಮಂಚದ ತುದಿ ಕಿರುಗುಟ್ಟಿ ತಗ್ಗಿತು.

“ಬಂದೀ ಏನಬೇ ಯವ್ವಾ? ಭಾಳ ತಡಾ ಮಾಡಿದಿ,” ಎಂದು, ನಲವತ್ತು ವರ್ಷದ ಹಿಂದೆ ತೀರಿದ ತನ್ನ ತಾಯಿಗೆ ಹೇಳಿ, ಗಾಳೆಮ್ಮ ನಗುತ್ತಲೇ ಉಸಿರು ಬಿಟ್ಟಳು.

“ನೀನ ಗೆದ್ದಿ, ತಂಗಿ,” ಎಂದ ಗೋವಿಂದರಾಜ. ಕವಿತಾ ಹೆಮ್ಮೆಯಿಂದ ಅತ್ತಳು.

ಸ್ನಾನಕ್ಕೆ ಎತ್ತುವಾಗ ನೋಡಿದರೆ, ಬೆಳಿಗ್ಗೆ ಕೆದರಿದ್ದ ಅವ್ವನ ಕೂದಲು ಒದ್ದೆಯಾಗಿ ಸೀಗೆಕಾಯಿ ಘಮಗುಡುತ್ತಿತ್ತು. ಯಾರೋ ಬಿಗಿಯಾಗಿ ಜಡೆ ಹೆಣೆದಿದ್ದರು.