ಹಬೆ ಹಂಡೆಗೆ ಹಾರ ಹಾಕಿದ ದಿನ

"ಅದನ್ನ ಬಾಯಿಂದ ತಗೀರಿ! ಮೊದಲ ತಗೀರಿ!"

ಬಾಗಿಲಿನಿಂದ ಬಂದ ಆ ದನಿಗೆ ನಲಿನಿ ಬೆಚ್ಚಿಬಿದ್ದಳು. ತುಟಿಗಳ ನಡುವೆ ಇದ್ದ ಗಾಜಿನ ನಳಿಗೆ ಇನ್ನೇನು ಜಾರಬೇಕು... ಹೇಗೋ ಹಿಡಿದುಕೊಂಡಳು.

ತಿರುಗಿ ನೋಡಿದರೆ ಎತ್ತರದ ಆಳು. ಹಣೆಯ ಮೇಲೆ ಅಂಗಾರ, ಅಕ್ಷತೆ. ಕಣ್ಣಲ್ಲಿ ಕೋಪವೋ, ಭಯವೋ!

"ಯಾರ್ರೀ ನೀವು? ಹೇಳದ ಕೇಳದ ಒಳಗ ಬಂದು ಒದರ್ಲಿಕ್ಕೆ?"

"ರಘೋತ್ತಮ. ವಿಶ್ವವಿದ್ಯಾಲಯದ ಪ್ರಯೋಗಾಲಯಗಳ ಸುರಕ್ಷತೆ ನೋಡ್ಲಿಕ್ಕೆ ನನ್ನ ನೇಮಿಸ್ಯಾರ. ಆ ನಳಿಗ್ಯಾಗ ಏನದ, ಗೊತ್ತದ ಏನು ನಿಮಗ?"

"ನಾನ ಬೆಳಸಿದ್ದು. ನನಗ ಗೊತ್ತಿಲ್ಲದ್ದು ನಿಮಗ ಗೊತ್ತದೇನು?"

"ಹಂಗಾದ್ರ, ಬೆಳಸಿದ್ದನ್ನ ಕುಡೀಬ್ಯಾಡ್ರಿ."

ಮೂಲೆಯಲ್ಲಿ ಬಾಟಲಿ ತೊಳೆಯುತ್ತಿದ್ದ ಬೀರವ್ವ ಕಿಸಕ್ಕನೆ ನಕ್ಕಳು. "ನಮ್ಮ ಅಕ್ಕಾರಿಗೆ ಇವತ್ತ ಸರಿಯಾದವ್ರು ಗಂಟ ಬಿದ್ರು ನೋಡ್ರಿ!"

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ರಾಣೆಬೆನ್ನೂರಿನ ಅಂಚಿನಲ್ಲಿ ವಿಶ್ವವಿದ್ಯಾಲಯದ ಸಣ್ಣದೊಂದು ಪ್ರಯೋಗಾಲಯ. ಆಕಳು, ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕುವ ರೋಗದ ಸೂಕ್ಷ್ಮಜೀವಿಗಳನ್ನು ಅಲ್ಲಿ ಬಾಟಲಿಗಳಲ್ಲಿ ಬೆಳೆಸಿ ಪರೀಕ್ಷೆ ಮಾಡುತ್ತಿದ್ದರು. ಆ ರೋಗ ಮನುಷ್ಯರನ್ನೂ ಬಿಡುವಂಥದ್ದಲ್ಲ. ದ್ರವವನ್ನು ಬಾಯಿಂದ ಹೀರಿ ಅಳೆಯುವುದು ಆಗ ಎಲ್ಲರ ರೂಢಿ. ನಲಿನಿಯೂ ಹಾಗೆಯೇ ಕಲಿತವಳು.

ರಘೋತ್ತಮ ಮುಂದಿನ ಸಲ ಬಂದಾಗ ಬಾಯಿಯ ಬದಲು ದ್ರವ ಹೀರಲು ನಳಿಗೆಗೆ ಹಾಕುವ ರಬ್ಬರ್ ಬುರುಡೆ ತಂದುಕೊಟ್ಟ. ಅದರ ಮುಂದಿನ ಸಲ ಬೀರವ್ವನಿಗೆ ದಪ್ಪ ಕೈಗವಸು. ಪ್ರತಿ ಸಲವೂ ಹತ್ತು ತಪ್ಪು ಹುಡುಕುತ್ತಿದ್ದ. ನಲಿನಿ ಹನ್ನೊಂದು ಜಗಳ ತೆಗೆಯುತ್ತಿದ್ದಳು. ಆದರೆ ಅವನು ಬಾರದ ತಿಂಗಳು...?

'ನನಗೇನಾಗೇದ? ಬೈಯಿಸಿಕೊಳ್ಳಲಿಕ್ಕೆ ಯಾರರ ಹಿಂಗ ದಾರಿ ಕಾಯ್ತಾರೇನು!'

ಒಂದು ದಿನ ತಾಯಿ ಜಾನಕೀಬಾಯಿಯ ಜೊತೆ ಗಳಗನಾಥದ ಗುಡಿಗೆ ಹೋದಾಗ ಅವನೂ ಅಲ್ಲಿದ್ದ. ತಾಯಿ ಪ್ರದಕ್ಷಿಣೆಗೆ ಮುಂದೆ ಹೋದರು. ಎದುರಿಗೆ ವರದೆ ಸದ್ದಿಲ್ಲದೆ ತುಂಗಭದ್ರೆಯನ್ನು ಕೂಡುತ್ತಿದ್ದಳು.

"ನಲಿನಿ ಅವರ... ಕೂಡಿದ ಮ್ಯಾಲೆ ಯಾವ ನೀರು ಯಾರದು ಅಂತ ನದಿ ಕೇಳ್ತದೇನು?"

ಅವಳ ಕೆನ್ನೆ ಕೆಂಪಾಯಿತು. "ಇದೂ ತಪಾಸಣಿ ಏನ್ರಿ?"

"ಅಲ್ಲ. ಅರ್ಜಿ."

ಪ್ರೀತಿ ದೇವರು ಕೊಡುವ ಪ್ರಸಾದ. ಆದರೆ ಪ್ರಸಾದ ಹಿಡಿದ ಕೈಯೂ ಒಮ್ಮೊಮ್ಮೆ ಎಚ್ಚರ ಮರೆಯುತ್ತದೆ.

ಆ ವರ್ಷದ ಖಂಡೇಪೂಜೆ ಬಂತು. ರೈತ ನೇಗಿಲಿಗೆ, ಬಡಿಗ ಉಳಿಗೆ ಪೂಜೆ ಮಾಡಿ ಆ ದಿನ ಅವನ್ನು ದುಡಿಸದೆ ಬಿಡುತ್ತಾನೆ. ನಲಿನಿಯೂ ಪ್ರಯೋಗಾಲಯದ ಯಂತ್ರಗಳನ್ನೆಲ್ಲ ಒರೆಸಿ ಕುಂಕುಮ ಹಚ್ಚಿದಳು. ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ದೊಡ್ಡ ಹಂಡೆಗೆ ಚೆಂಡುಹೂವಿನ ಹಾರ ಹಾಕಿದಳು. ಒಳಗೆ ಹಿಂದಿನ ದಿನದ ರೋಗಾಣುಗಳ ಬಾಟಲಿಗಳು ಕುದಿಯದೆ ಹಾಗೆಯೇ ಇದ್ದವು.

"ಇದನ್ನೊಂದು ಸಲ ನಡಸ್ರಿ," ಎಂದ ರಘೋತ್ತಮ.

"ಪೂಜಾ ಆಗೇದರೀ. ಇವತ್ತು ಮುಟ್ಟೂ ಹಂಗಿಲ್ಲ. ನಾಳೆ ಬನ್ನಿ ಹಬ್ಬ, ರಜಾ. ನಾಡಿದ್ದು ಎಲ್ಲಾರಕಿಂತ ಮೊದಲ ನಾನ ಬಂದು ನಡಸ್ತೀನಿ."

"ಹಂಗಾದ್ರ ಕೆಂಪು ಚೀಟಿ ತೂಗಹಾಕ್ತೀನಿ, ಯಾರೂ ತಗೀಬಾರದು ಅಂತ."

"ಹೂವಿನ ಹಾರದ ಮ್ಯಾಲೆ ಕೆಂಪು ಚೀಟಿ ಏನ್ರೀ! ಹಬ್ಬದ ದಿವಸ..."

ಅವನು ಅವಳ ಮುಖ ನೋಡಿದ. ನಕ್ಕ. ಎಂದೂ ಯಾರಿಗೂ ಬಗ್ಗದವನು ಚೀಟಿಯನ್ನು ಮಡಿಚಿ ಕಿಸೆಗೆ ಹಾಕಿಕೊಂಡ.

ಬನ್ನಿ ಹಬ್ಬದ ಮರುದಿನ ಬೆಳಿಗ್ಗೆ ಅವನ ತಾಯಿ ಮಥುರಾಬಾಯಿ ನಲಿನಿಯನ್ನು ನೋಡಲು ಮನೆಗೆ ಬಂದರು. ಮಾತು, ಫಳಾರ, ನಗೆ! ಪ್ರಯೋಗಾಲಯ ತಲುಪುವ ಹೊತ್ತಿಗೆ ಬಿಸಿಲು ಏರಿತ್ತು.

ಅಂಗಳದಲ್ಲಿ ಬಾಟಲಿಗಳು ಸಾಲಾಗಿ ಒಣಗುತ್ತಿದ್ದವು. ಬೀರವ್ವ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು.

"ಒಂದ ಬಾಟ್ಲಿ ಒಡದಿತ್ರಿ ಅಕ್ಕಾರ. ಕೈಗವಸ ಹರದು ಬೆರಳಿಗೆ ಹತ್ತಿತು. ಹಂಡೆ ಮುಚ್ಚಿತ್ತು, ಕುದ್ದಾವಂತ ತಗದ್ನಿ..."

ಆ ಬಾಟಲಿಗಳು ಕುದ್ದೇ ಇರಲಿಲ್ಲ!

ಬೀರವ್ವ ಆಗ ಬಸುರಿ.

ಕೆಲವು ವಾರಗಳಲ್ಲಿ ಏರಿ ಇಳಿಯುವ ಜ್ವರ ಶುರುವಾಯಿತು. ಕೀಲುಕೀಲೂ ನೋವು. ಒಂದು ಸಂಜೆ ಅವಳ ಊರು ಮೇಡ್ಲೇರಿಯಿಂದ ಸುದ್ದಿ ಬಂತು... ಕೂಸು ಉಳಿಯಲಿಲ್ಲ!

ವಿಚಾರಣೆಗೆ ದೊಡ್ಡವರು ಬಂದರು. ಬೀರವ್ವನ ಗಂಡ ಮಾಲತೇಶಪ್ಪ ಗೋಡೆಗೆ ಆತು ಕೂತಿದ್ದ.

"ಅವತ್ತು ಹಂಡೆ ನಡೆಸಬಾರದು ಎಂದವರು ಯಾರು?" ಎಂದು ದೊಡ್ಡವರಲ್ಲೊಬ್ಬರು ಕೇಳಿದರು.

ರಘೋತ್ತಮ ಕಣ್ಣು ಮುಚ್ಚಿ ತೆರೆದ. "ನಲಿನಿ."

ಅಷ್ಟೇ! ನಲಿನಿ ಎದ್ದಳು. ಮುಂದಿನ ಮಾತು ಕೇಳಲು ನಿಲ್ಲಲಿಲ್ಲ. 'ನನ್ನ ಕೈ ಹಿಡಿಯುವವನು ನನ್ನ ಹೆಸರು ಹಿಡಿದು ಕೊಟ್ಟ!'

ಕೆಲಸ ಬಿಟ್ಟಳು. ತಾಯಿಯನ್ನು ಕರೆದುಕೊಂಡು ಬ್ಯಾಡಗಿಗೆ ಹೋಗಿ ಶಾಲೆಯಲ್ಲಿ ವಿಜ್ಞಾನ ಕಲಿಸತೊಡಗಿದಳು. ಒಮ್ಮೆ ಅವನು ಬಾಗಿಲಿಗೆ ಬಂದ.

"ಮನ್ಯಾಗಿಲ್ಲಂತ ಹೇಳವಾ," ಎಂದಳು ಒಳಗಿನಿಂದ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ. ಅವನು ಮತ್ತೆ ಬರಲಿಲ್ಲ. ಮೆಣಸಿನಕಾಯಿಯ ಘಾಟಿನ ಊರಲ್ಲಿ ಯಾರ ಕಣ್ಣು ಯಾಕೆ ಕೆಂಪಾಗಿದೆ ಎಂದು ಯಾರೂ ಕೇಳುವುದಿಲ್ಲ.

ವರ್ಷಗಳು ಸರಿದವು. ಒಂದು ದಿನ ಪೇಟೆಗೆ ಮೆಣಸಿನಕಾಯಿ ತಂದಿದ್ದ ಮಾಲತೇಶಪ್ಪ ಶಾಲೆಯ ಬಾಗಿಲಲ್ಲಿ ನಿಂತಿದ್ದ.

"ಕೂಸಿನ್ನ ತೊಟ್ಲಾಗ ಹಾಕಾಕತ್ತೇವ್ರಿ ಅಕ್ಕಾರ. ಬೀರಿ ಬರಾಕ ಹೇಳ್ಯಾಳ."

ಮೇಡ್ಲೇರಿಯ ಆ ಅಂಗಳದಲ್ಲಿ ಕಾಲಿಟ್ಟಾಗ ಮೊದಲು ಕಂಡವನು... ರಘೋತ್ತಮ! ಕಿವಿಯ ಹತ್ತಿರ ಕೂದಲು ನರೆತಿತ್ತು. ಚಾಪೆ ಹಾಸುತ್ತಿದ್ದವನು ಹಾಗೆಯೇ ನಿಂತುಬಿಟ್ಟ.

"ಬರ್ರಿ ಅಕ್ಕಾರ," ಎಂದಳು ಬೀರವ್ವ, ಸೊಂಟ ಹಿಡಿದುಕೊಂಡು ಏಳುತ್ತ. "ನಾ ಸತ್ತಿದ್ರರ ಬರ್ತಿದ್ರೇನೋ! ಬದುಕಿದ್ದು ನಂದ ತಪ್ಪಾತು."

"ಬೀರವ್ವಾ... ಯಾವ ಮುಖ ಇಟ್ಕೊಂಡು ಬರಲಿ?"

"ಸಾಹೇಬ್ರು ಬಂದ ಮುಖ ಇಟ್ಕೊಂಡ! ಗುಳಗಿ ಮುಗಿದ್ರ ಬಂದ್ರು, ಹಾವೇರಿ ದವಾಖಾನಿಗೆ ಕರ್ಕೊಂಡು ಹ್ವಾದ್ರು. ನನ್ನ ಕೂಸು ಹೋತ್ರಿ ಅಕ್ಕಾರ. ನೀವು ನಿಮ್ಮ ಹೆಸರು ಹೋತಂತ ಬಾಗಲಾ ಹಾಕ್ಕೊಂಡು ಕುಂತ್ರಿ."

ಆ ಮಾತು ನೇರ ಎದೆಗೆ ನಾಟಿತು. ಇಷ್ಟು ವರ್ಷ ಅತ್ತದ್ದು ಯಾರಿಗಾಗಿ? ತನಗಾಗಿ! ಬರೇ ತನಗಾಗಿ!

"ಅವತ್ತ ನೀವು ಎದ್ದು ಹ್ವಾದ್ರಿ," ಎಂದ ಮಾಲತೇಶಪ್ಪ ಮೆಲ್ಲಗೆ. "ಆಮ್ಯಾಲೆ ಕೇಳಿದ್ರು, ಅದಕ್ಕ ಒಪ್ಪಿಗಿ ಕೊಟ್ಟಾವ ಯಾರು ಅಂತ. ಸಾಹೇಬ್ರು 'ನಾನು. ತಡಿಯೂದು ನನ್ನ ಕೆಲಸ ಇತ್ತು, ತಡೀಲಿಲ್ಲ' ಅಂದ್ರು. ಆ ಕುರ್ಚಿ ಅವತ್ತ ಹೋತ್ರಿ ಅವ್ರದು."

ನಲಿನಿ ಬಗ್ಗಿದಳು. ಬೀರವ್ವನ ಪಾದ ಹಿಡಿಯಹೋದ ಕೈಗಳಲ್ಲಿ ಬೀರವ್ವ ಕೂಸನ್ನೇ ಇಟ್ಟುಬಿಟ್ಟಳು.

"ಬ್ಯಾಡ... ಈ ಕೈಯಾಗ ಬ್ಯಾಡ..."

"ಹಿಡೀರಿ. ಹೋದದ್ದು ನಾ ಮರೆಯಂಗಿಲ್ಲ. ಆದ್ರ ಇದಕ್ಕ ಯಾರ ಮ್ಯಾಲೂ ಸಿಟ್ಟಿಲ್ಲ."

ಕೂಸಿನ ಬಿಸಿ ಉಸಿರು ಮಣಿಕಟ್ಟಿಗೆ ತಾಗಿತು. ಇಷ್ಟು ವರ್ಷ ಹೆಪ್ಪುಗಟ್ಟಿದ್ದ ಅಳು ಆಗ ಕರಗಿತು.

ಹೆಸರಿಟ್ಟಾದ ಮೇಲೆ ನಲಿನಿ, ರಘೋತ್ತಮ ಇಬ್ಬರೂ ಹೊಳೆಯ ದಂಡೆಯ ಕಾಲುದಾರಿಯಲ್ಲಿ ನಿಂತರು.

"ಅವತ್ತು ನನ್ನ ಹೆಸರು ಮುಚ್ಚಿಟ್ಟಿದ್ರ ನಾ ನಿಮಗ ಸಿಗ್ತಿದ್ದೆ," ಎಂದಳು.

"ಬೀರವ್ವನ ಗಂಡ ಎದುರಿಗೆ ಕೂತಿದ್ದ, ನಲಿನಿ. ಅವನ ಮುಂದ ಸುಳ್ಳು ಹೇಳಿ ನಿಮ್ಮನ್ನ ಪಡದಿದ್ರ, ನಿಮ್ಮ ಮುಖ ನೋಡಿದಾಗೆಲ್ಲ ಆ ಸುಳ್ಳ ಕಾಣ್ತಿತ್ತು."

"ಮತ್ತ... ಲಗ್ನ ಯಾಕ ಆಗ್ಲಿಲ್ಲ?"

"ಆಗಬೇಕಂತ ಅನಿಸಿದ್ದು ಒಬ್ಬಾಕಿನ್ನ. ಆಕಿ ಮನ್ಯಾಗಿರಲಿಲ್ಲ."

ನಗಲು ಹೋಗಿ ಅವಳು ಬಿಕ್ಕಿದಳು. "ನಮಗ ಸುಖಾ ಪಡೂ ಹಕ್ಕದೇನ್ರಿ? ಆ ಕೂಸು ಹೋದ ಮ್ಯಾಲೆ..."

"ಸುಖದ ಮಾತು ದೇವರಿಗೆ ಬಿಡೂಣು," ಎಂದ ಅವನು, ಮೊದಲ ಬಾರಿ ಅವಳ ಕೈ ಹಿಡಿದು. "ದುಃಖಾ ಅಂತೂ ಇಬ್ಬರದೂ ಒಂದ. ಅದನ್ನ ಬ್ಯಾರೆ ಬ್ಯಾರೆ ಮನ್ಯಾಗ ಇಟ್ಕೊಂಡು ಸಾಕಾಗೇದ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಹಂಗಾದ್ರ, ಒಂದ ಮನ್ಯಾಗ ಇಟ್ಟುಬಿಡೂಣು," ಎಂದಳು.