ಇಕ್ಕಳದ ಗುರುತು

"ಟೀಚರ್, ನಿಜ ಹೇಳಿ. ಈ ಕಡ್ಡಿ ಬಗ್ಗಿಸಿದ್ದು ನೀವೇ ಅಲ್ವಾ?"

ಒಲೆಯ ಮುಂದೆ ಬಗ್ಗಿ ನಿಂತಿದ್ದ ಮೆಕ್ಯಾನಿಕ್ ತಿರುಗಿಯೂ ನೋಡದೆ ಕೇಳಿದ. ಟೀಚರ್ ಅಡುಗೆಮನೆ ಬಾಗಿಲಲ್ಲೇ ನಿಂತಳು.

ಎರಡು ವಾರದಲ್ಲಿ ಇದು ನಾಲ್ಕನೇ ಸಲ. ಬರ್ನರ್ ಹೊತ್ತಿಕೊಳ್ಳುತ್ತದೆ, ನಾಬ್ ಬಿಟ್ಟರೆ ಆರಿಹೋಗುತ್ತದೆ. ಉರಿಯ ಪಕ್ಕದ ಪುಟ್ಟ ಸೆನ್ಸರ್ ಕಡ್ಡಿ ಬಿಸಿಯಾಗದಿದ್ದರೆ ಗ್ಯಾಸ್ ತಾನೇ ನಿಂತುಬಿಡುತ್ತದೆ. ಮೊದಲ ಸಲ ಕಡ್ಡಿಗೆ ನಿಜವಾಗಿಯೂ ಮಸಿ ಹಿಡಿದಿತ್ತು. ಅವನು ಉಜ್ಜಿ, "ಹತ್ತು ಎಣಿಸೋವರೆಗೂ ನಾಬ್ ಒತ್ತಿ ಹಿಡ್ಕೊಳ್ಳಿ" ಎಂದು ನಕ್ಕಿದ್ದ. ಆ ನಗುವಿಗೆ ಟೀಚರ್ ಸೋತೇ ಹೋದಳು. ಆಮೇಲೆ ಮೂರು ಸಲವೂ ಇಕ್ಕಳ ಹಿಡಿದು ಕಡ್ಡಿಯನ್ನು ಉರಿಯಿಂದ ದೂರ ಬಗ್ಗಿಸಿದ್ದು ಅವಳೇ. ಮಕ್ಕಳಿಗೆ ಗಣಿತ ಹೇಳಿಕೊಡುವವಳ ಬುದ್ಧಿ ನೋಡಿ...

"ಎರಡನೇ ಸಲವೇ ಇಕ್ಕಳದ ಗುರುತು ಕಂಡಿತ್ತು," ಅಂದ.

"ಮತ್ತೆ... ನಿಮ್ಮ ಗ್ಯಾಸ್ ಆಫೀಸಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಮಾನ ಹೋಗ್ತಿತ್ತು. ಹೇಳ್ಲಿಲ್ಲ, ನನ್ನ ಕೆಲಸ ಹೋಯ್ತು. ಒಂದೇ ಒಲೆಗೆ ಮತ್ತೆ ಮತ್ತೆ ಕಂಪ್ಲೇಂಟ್ ಬಂದ್ರೆ ಇವನಿಗೆ ಕೆಲಸ ಬರಲ್ಲ ಅಂತಾರೆ."

ಆಗಲೇ ಅವಳು ಗಮನಿಸಿದ್ದು. ಅವನ ಹೆಗಲಲ್ಲಿ ಟೂಲ್ ಬ್ಯಾಗ್ ಇರಲಿಲ್ಲ!

"ನಾಳೆ ಬೇರೆಯವನು ಬರ್ತಾನೆ. ಅವನಿಗೆ ಇದು ಕಾಣಬಾರ್ದು ಅಂತ ಬಂದೆ. ನನ್ನ ಮೇಲೆ ಏನು ಹಗೆ ಟೀಚರ್ ನಿಮಗೆ?"

'ಹಗೆಯಾ... ಅಯ್ಯೋ!' ಅವಳ ಕಣ್ಣು ತುಂಬಿತು. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವಳು ಅವಳು, ಉಂಡವನು ಅವನು.

"ನಿಮ್ಮನ್ನ ನೋಡ್ಬೇಕಿತ್ತು... ಅಷ್ಟೇ."

ಅವನು ಒಲೆ ಬಿಟ್ಟು ಅವಳತ್ತ ತಿರುಗಿದ.

"ಬಾ ಅಂದಿದ್ರೆ ಬರ್ತಿದ್ದೆನಲ್ಲ! ಈ ಮನೆ ಕಂಪ್ಲೇಂಟ್ ಅಂದ್ರೆ ತಲೆ ಬಾಚ್ಕೊಂಡು ಬರ್ತಿದ್ದವನು ನಾನು..."

"ನಾಳೆ ಆಫೀಸಿಗೆ ಹೋಗಿ ನಾನೇ ಒಪ್ಕೊಳ್ತೀನಿ."

"ಒಪ್ಕೊಳ್ಳಿ. ಆದ್ರೆ ನನ್ನ ಜಾಗಕ್ಕೆ ಆಗಲೇ ಜನ ಬಂದಾಯ್ತು."

ಅವಳದೇ ಇಕ್ಕಳ ಕೇಳಿ ತೆಗೆದುಕೊಂಡು ಅವನು ಕಡ್ಡಿಯನ್ನು ನೆಟ್ಟಗೆ ಮಾಡಿದ. ನಾಬ್ ಒತ್ತಿ ಹತ್ತು ಎಣಿಸಿ ಬಿಟ್ಟ. ಉರಿ ಆರದೆ ನಿಂತಿತು. ಅವನು ಬಾಗಿಲಿಗೆ ಹೊರಟ.

"ಇನ್ಮೇಲೆ ಕರೆದ್ರೆ... ಬರ್ತೀರಾ?"

"ನಂಗೆ ನಿಮ್ಮ ಮೇಲೆ ತುಂಬಾ ಕೋಪ ಇದೆ ಟೀಚರ್."

"ಕೋಪ ಇಟ್ಕೊಂಡೇ ಬನ್ನಿ."

ಅವನು ಹೊಸ್ತಿಲಲ್ಲಿ ನಿಂತ. ಕೈಯಲ್ಲಿದ್ದ ಇಕ್ಕಳವನ್ನು ಜೇಬಿಗೆ ಇಳಿಸಿದ.

"ಭಾನುವಾರ ಬರ್ತೀನಿ. ಇದು ಮಾತ್ರ ನನ್ನ ಹತ್ರಾನೇ ಇರ್ಲಿ."